ಪೀರನ ಪಾಲಿನ ಜುಟ್ಟು

ನಾವು ಯೆಣೆಗೂರಿನ ಜಂಗಮರು. ಊರವರ ಮದುವೆ, ಗೃಹಪ್ರವೇಶಗಳಿಗೆಲ್ಲ ಮುಹೂರ್ತ ಇಟ್ಟುಕೊಡುವ ಘನಂದಾರಿ ಹೊಣೆ ನಮ್ಮ ಮನೆತನದ್ದು. ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗನ ಅಯ್ಯಾಚಾರಕ್ಕೆ, ಅಂದರೆ ಜಂಗಮ ಹುಡುಗರಿಗೆ ಗುರುಗಳು ಕೊಡುವ ದೀಕ್ಷೆಗೆ, ನಾನೇ ಪಂಚಾಂಗ ತಿರುವಿದೆ. ವಾರ ನೋಡಿದೆ, ನಕ್ಷತ್ರ ನೋಡಿದೆ, ನೆಂಟರು ಬರುವ ಎಸ್‌ಟಿ ಬಸ್ಸಿನ ವೇಳೆಯನ್ನೂ ನೋಡಿದೆ. ಹುಡುಗನ ತಲೆಯೊಂದನ್ನು ನೋಡಲಿಲ್ಲ.

ಆ ತಲೆಯ ಮೇಲೆ ಒಂದು ಜುಟ್ಟಿತ್ತು. ಅದು ಪೀರನದು. ನಾಲ್ಕು ತುಂಬಿದರೂ ಹುಡುಗ ಮಾತಾಡಿರಲಿಲ್ಲ. ನಿಲಂಗಾ, ಉದಗೀರದ ಡಾಕ್ಟರುಗಳೂ ಕಾಯಿರಿ ಎಂದ ಮೇಲೆ ನನ್ನ ಹೆಂಡತಿ ಕಾಸಾರಶಿರಸಿ ರಸ್ತೆಯ ದರ್ಗಾದಲ್ಲಿ ಹರಕೆ ಹೊತ್ತಳು: ಮಾತು ಬಂದರೆ ಉರುಸಿನಲ್ಲಿ ಜುಟ್ಟು ಒಪ್ಪಿಸಿ ಮಲೀದಾ ಹಂಚುತ್ತೇನೆ. ಕೆಲವೇ ತಿಂಗಳಲ್ಲಿ ಹುಡುಗ ನನ್ನನ್ನು ನೋಡಿ "ಮುದುಕ" ಎಂದ. ಪೀರನ ಕೃಪೆಯೆಂದು ಸಹಿಸಿದೆ. ಉರುಸು ಬರುವುದರೊಳಗೆ ನಾನಿಟ್ಟ ಮುಹೂರ್ತ ಬಂತು.

ಅಂಗಳದಲ್ಲಿ ಕ್ಷೌರಿಕ ಕತ್ತಿ ಮಸೆದದ್ದೇ ತಡ, ಹೆಂಡತಿ ಓಡಿಬಂದು ಜುಟ್ಟಿನ ಮೇಲೆ ಅಂಗೈ ಇಟ್ಟಳು.

"ಇದೊಂದ ಬಿಟ್ಟು ಬೋಳಸಪಾ."

"ಅಯ್ಯಾಚಾರ ಅಂದ್ರ ಪೂರಾ ಬೋಳಸಬೇಕ್ರಿ ಅವ್ವಾರ. ನಡುವ ಜಾಲಿಕಂಟಿ ಬಿಟ್ಟು ಹೊಲಾ ಹರಗಿದಂಗ ಕಾಣ್ತದ."

"ಕಾಣವಲ್ದ್ಯಾಕ! ಪೀರಗ ಮುಟ್ಟಸೂಕಿಂತ ಮೊದಲ ಕತ್ತಿ ತಾಗಿ, ಬಂದ ಮಾತು ಹೊಳ್ಳಿ ಹೋದ್ರ?"

ನಾನು ಗಡಿಯಾರ ತೋರಿಸಿದೆ.

"ಮುಹೂರ್ತ ನೀವ ಇಟ್ಟದ್ದು, ಇನ್ನೊಂದ ಇಡ್ರಿ. ಮಾತು ಹೋದ್ರ ನೀವ ತಂದ ಕೊಡ್ತೀರೇನು?"

ನಾನು ಮತ್ತೆ ಪಂಚಾಂಗ ತಿರುವತೊಡಗಿದೆ. ಗದ್ದಲ ಕೇಳಿ, ಶಿರೂರ ಅನಂತಪಾಳ ಕಡೆಯಿಂದ ಬಂದಿದ್ದ ಮಠದ ಗುರುಗಳು ಪಡಸಾಲೆಯಿಂದ ಹೊರಬಂದರು. ನನ್ನ ಹೆಂಡತಿಗೆ ಬೈಗುಳ ಖಾತ್ರಿಯೆಂದು ನೆಂಟರೆಲ್ಲ ಭಕ್ತಿಯಿಂದ ಹತ್ತಿರ ಸರಿದರು. ಗುರುಗಳು ಸಂಗತಿ ಕೇಳಿ ಗಡ್ಡ ನೀವಿದರು.

"ನಾ ಕಿವ್ಯಾಗ ಮಂತ್ರ ಹೇಳ್ತೀನಿ, ಹುಡುಗ ಅದನ್ನ ತಿರುಗಿ ಅನಬೇಕು. ಮಾತೇ ಇರದಿದ್ರ ನನ್ನ ಕೆಲಸ ಹ್ಯಾಂಗ ಆಗ್ತಿತ್ತು? ಪೀರಪ್ಪ ಮೊದಲ ದುಡದಾನ, ಅವನ ಪಾಲು ಮೊದಲ ಮುಟ್ಟಸ್ರಿ. ನಾ ಕುಂದರ್ತೀನಿ. ಚಹಾ ಕಳಸ್ರಿ, ಸಕ್ರಿ ಜರಾ ಮುಂದ ಇರಲಿ."

ಜೀಪು ಹತ್ತಿದೆವು. ಹೆಂಡತಿ ಮಡಿಲಲ್ಲಿ ಬೆಲ್ಲ, ಚಪಾತಿ ಹಿಸುಕಿ ಮಲೀದಾ ಮಾಡುತ್ತಲೇ ಬಂದಳು. ದರ್ಗಾದ ಮುಜಾವರ ಚಾಚಾ ಗೋರಿಯ ಮುಂದೆ ಕಸ ಗುಡಿಸುತ್ತಿದ್ದರು.

"ಉರುಸಿಗೆ ಬರ್ತೀವಿ ಅಂದಿದ್ರಿ ಅಯ್ಯನೋರ?"

"ಅವಸರ ಬಂತ್ರಿ ಚಾಚಾ."

"ಬರ್ರಿ ಬರ್ರಿ. ಬಾಬಾ ಎಲ್ಲಿ ಊರಿಗಿ ಹೋಗ್ಯಾರ? ತಲಿ ಬಗ್ಗಸು ಬೇಟಾ."

ಲೋಬಾನದ ಹೊಗೆಯಲ್ಲಿ ಕತ್ತರಿ ಆಡಿತು. ಜುಟ್ಟು ಚಾಚಾನ ಅಂಗೈಗೆ ಬಿತ್ತು. ಹೆಂಡತಿ ಹುಡುಗನ ಗಲ್ಲ ಹಿಡಿದಳು.

"ಏನರ ಅನ್ನೋ ನನ್ನಪ್ಪಾ."

ಹುಡುಗ ತುಟಿ ಬಿಗಿದ. ಮಲೀದಾ ತಿನ್ನಲು ಬಾಯಿ ತೆರೆದ, ಮತ್ತೆ ಮುಚ್ಚಿದ. ದಾರಿಯುದ್ದಕ್ಕೂ ಒಂದಕ್ಷರ ಇಲ್ಲ. ಎಮ್ಮೆ ತೋರಿಸಿದೆವು, ಲಾರಿ ತೋರಿಸಿದೆವು. ಕೊನೆಗೆ ನಾನೇ "ಮುದುಕ ಅನ್ನಲೇ" ಎಂದು ಬೇಡಿಕೊಂಡೆ. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮನೆಯಲ್ಲಿ ಉಳಿದ ತಲೆ ಬೋಳಿಸಿಯಾಯಿತು. ಗುರುಗಳು ಹುಡುಗನನ್ನು ಹತ್ತಿರ ಕೂರಿಸಿಕೊಂಡು ಕಾವಿ ಶಲ್ಯ ಹೊದಿಸಿ ಕಿವಿಯಲ್ಲಿ ಮಂತ್ರ ಹೇಳಿದರು. ಅದನ್ನು ಯಾರಿಗೂ ಕೇಳದಂತೆ ಮೆಲ್ಲಗೆ ತಿರುಗಿ ಅನ್ನುವುದು ವಿಧಿ. ಶಲ್ಯದೊಳಗಿಂದ ಹುಡುಗ ಆ ಮಂತ್ರವನ್ನೇ ಹೆದ್ದಾರಿಯ ಢಾಬಾಕ್ಕೆ ಕೇಳುವಂತೆ ಕೂಗಿದ, ಒಮ್ಮೆಯಲ್ಲ, ದಣಿಯುವ ತನಕ.

ಸುಮ್ಮನಿರು ಎಂದು ಯಾರೂ ಅನ್ನಲಿಲ್ಲ.