ಅಗ್ಗದ ಪಿಸ್ತೂಲು, ಬಾಡಿಗೆ ಗೋಡೆ

ನಾಯಿ ಆಹಾರದ ಮೂಟೆಗಳು, ಮೊಣಕಾಲುದ್ದದ ರಬ್ಬರ್ ಬೂಟುಗಳು, ಮೀನಿನ ಗಾಳಗಳು. ಇವೆಲ್ಲದರ ನಡುವೆ, ಬಿಲ್ ಹಾಕುವ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಅಂಗಡಿಯವನು ಎರಡು ಪಿಸ್ತೂಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟ. ನನ್ನ ಹಿಂದೆ ನಿಂತಿದ್ದ ಮುದುಕಿಯ ಕೈಯಲ್ಲಿ ಬೆಕ್ಕಿನ ಬಿಸ್ಕತ್ತಿನ ಚೀಲವಿತ್ತು. "ನನಗೇನೂ ಅವಸರ ಇಲ್ಲಮ್ಮ, ನಿಧಾನವಾಗಿ ನೋಡಿ ತಗೋ" ಅಂದಳು, ನಾನು ಸೀರೆ ಆರಿಸುತ್ತಿದ್ದೇನೆ ಎಂಬಂತೆ.

ನಮ್ಮ ಕಾರ್ಕಳದ ಕಡೆ ಕೋವಿ ಎಂದರೆ ಠಾಣೆಯ ನೆನಪಾಗುತ್ತದೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಪೊಲೀಸರಿಗೆ ಒಪ್ಪಿಸಿ ರಸೀದಿ ತರಬೇಕು. ಐರ್ಲೆಂಡಿನಲ್ಲಿ ಅದನ್ನು ರಬ್ಬರ್ ಬೂಟಿನ ಪಕ್ಕದಲ್ಲಿ ಮಾರುತ್ತಾರೆ. ಆ ಅಂಗಡಿಗೆ ಕಾಲಿಟ್ಟ ಮೊದಲ ದಿನ ಇದನ್ನು ಕಂಡು ಈ ದೇಶ ಎಷ್ಟು ಹಗುರ, ಎಷ್ಟು ನಂಬಿಕೆಯದು ಅಂದುಕೊಂಡೆ. ಆ ನಂಬಿಕೆ ಯಾರಿಗೆ ಮೀಸಲು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ನಾನು ಅಲ್ಲಿನ ವಾಟರ್‌ಫರ್ಡ್ ಎಂಬ ಊರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೆ. ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್. ಅಲ್ಲಿ ರೈಫಲ್ ಹಿಡಿದವಳು ಆಮೇಲೆ ಮಂಗಳೂರಿನ ಶೂಟಿಂಗ್ ರೇಂಜಿನಲ್ಲಿ ಎರಡು ವರ್ಷ ಪಿಸ್ತೂಲು ಕಲಿತೆ. ಒಮ್ಮೆ ರಾಜ್ಯ ಮಟ್ಟಕ್ಕೂ ಹೋಗಿದ್ದೆ. ನಂತರ ಮದುವೆ, ನೈಟ್ ಡ್ಯೂಟಿ, ವಿಮಾನ. ಒಂಬತ್ತು ವರ್ಷ ಕೈ ಖಾಲಿಯಾಗಿಯೇ ಇತ್ತು.

ನಮ್ಮ ಥಿಯೇಟರಿನ ಟೆಕ್ನಿಷಿಯನ್ ಡೆರ್ಮಟ್, ಐವತ್ತು ದಾಟಿದ ಮಿತಭಾಷಿ, ಒಂದು ಟಾರ್ಗೆಟ್ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ. ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು ನನ್ನ ಹಳೆಯ ಕಥೆ ಹೇಳಿದೆ. "ಭಾನುವಾರ ಬಾ. ಹಿಡಿಸಿದರೆ ಸರಿ, ಹಿಡಿಸದಿದ್ದರೆ ಚಹಾ ಕುಡಿದು ಹೋಗು" ಅಂದ. ಊರಾಚೆ ಪಾಳುಬಿದ್ದ ಕಲ್ಲುಕೋರೆಯಲ್ಲಿ ಅವರ ರೇಂಜ್. ಡೆರ್ಮಟ್ ತನ್ನ ಪಿಸ್ತೂಲನ್ನೇ ಕೊಟ್ಟ. ಅದು ಇಟಲಿಯದು, ಸಣ್ಣ ಗುಂಡಿನ ಪಾಯಿಂಟ್ ಟೂಟೂ ಸೆಮಿ ಆಟೊಮ್ಯಾಟಿಕ್, ಕ್ಲಬ್ಬಿನಲ್ಲಿ ಮುಕ್ಕಾಲು ಪಾಲು ಜನರ ಬಳಿ ಇರುವ ಹೆಸರುವಾಸಿ ಸರಕು. ಕೈಗೆ ಬಂದ ಕೂಡಲೇ ಅಂಗೈಯೊಳಗೆ ಕೂತಿತು. ಐದು ಗುಂಡು ಹೊಡೆದೆ. ನಾಲ್ಕು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಡೆರ್ಮಟ್ ದೂರದರ್ಶಕದಿಂದ ಕಣ್ಣು ತೆಗೆದು, "ಯೇಸುವೇ" ಅಂದ. ಬಂದ ಒಂಬತ್ತು ವರ್ಷದಲ್ಲಿ ಈ ದೇಶದವರು ನನ್ನ ಬಗ್ಗೆ ಬೆರಗಾದದ್ದು ಅದೇ ಮೊದಲು.

ಇಲ್ಲಿ ಲೈಸೆನ್ಸ್ ಸುಲಭವಲ್ಲ. ಮೊದಲು ಇಂಥದ್ದೇ ಪಿಸ್ತೂಲು ಎಂದು ಆರಿಸಿ ಅಂಗಡಿಯಲ್ಲೇ ಬಿಡಬೇಕು. ಅದರ ನಂಬರನ್ನು ಅರ್ಜಿಯಲ್ಲಿ ಬರೆಯಬೇಕು. ನಿಮ್ಮನ್ನು ಬಲ್ಲ ಇಬ್ಬರ ಹೆಸರು, ಮನೆ ಡಾಕ್ಟರ ವಿವರ, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ, ಎಲ್ಲ ಬೇಕು. ಗಾರ್ಡಾ, ಅಂದರೆ ಇಲ್ಲಿನ ಪೊಲೀಸರು, ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಆ ಅಂಗಡಿಯಲ್ಲಿ ಮಾಡುವ ಆಯ್ಕೆ ಸಣ್ಣದಲ್ಲ.

ಇಟಲಿಯದನ್ನು ನಾನು ಮುಟ್ಟುವ ಮೊದಲೇ ಅಂಗಡಿಯವನು ಇನ್ನೊಂದನ್ನು ಮುಂದೆ ಸರಿಸಿದ. ನೋಡಲು ಹೆಚ್ಚುಕಡಿಮೆ ಅದೇ ಥರ. ಹಿಡಿ ಮರದ್ದಲ್ಲ, ಪ್ಲಾಸ್ಟಿಕ್ಕಿನದು. ಬೆಲೆ ಅರ್ಧ. "ಇದು ನಿನಗೆ ಗ್ರ್ಯಾಂಡ್" ಅಂದ. ಇಲ್ಲಿ ಗ್ರ್ಯಾಂಡ್ ಎಂದರೆ ವೈಭವ ಅಲ್ಲ. ಪರವಾಗಿಲ್ಲ, ಇಷ್ಟು ಸಾಕು ಎಂದರ್ಥ. ನನ್ನ ಹತ್ತಿರ ಎಷ್ಟಿದೆ ಎಂದು ಅವನು ಕೇಳಿರಲೇ ಇಲ್ಲ. ಮುಖ ನೋಡಿಯೇ ಲೆಕ್ಕ ಹಾಕಿದ್ದ.

ಪಕ್ಕದಲ್ಲಿದ್ದ ನನ್ನ ಗಂಡ ರೋಶನ್ ಬೆಂಗಳೂರಲ್ಲಿ ಬೆಳೆದವನು. ನಮ್ಮ ಮನೆಮಾತು ಕೊಂಕಣಿಯಾದರೂ ದುಡ್ಡಿನ ಮಾತು, ಜಗಳ ಎಲ್ಲ ಕನ್ನಡದಲ್ಲೇ. "ಇದೇ ಸಾಕಲ್ವಾ ಸೆಲಿನ್? ಎರಡೂ ಗುಂಡು ಹೊಡಿಯೋದೇ ತಾನೆ. ಮನೆ ತಗೊಳ್ಳೋವರೆಗೂ ಸ್ವಲ್ಪ ಕೈ ಹಿಡಿದು ನಡೀಬೇಕು" ಅಂದ.

"ಕೈಗೆ ಅದು ಕೂತಷ್ಟು ಇದು ಕೂರ್ತಿಲ್ಲ."

"ಅಭ್ಯಾಸ ಆಗುತ್ತೆ ಬಿಡು."

ವಲಸೆ ಬಂದವರ ಕೈ ತಾನಾಗಿಯೇ ಕೆಳಗಿನ ಶೆಲ್ಫಿಗೆ ಹೋಗುತ್ತದೆ. ಅಕ್ಕಿಗೆ, ಜಾಕೆಟ್ಟಿಗೆ, ಕಾರಿಗೆ, ಎಲ್ಲಕ್ಕೂ. ಊರಿನ ಆಸ್ಪತ್ರೆಯ ಅನುಭವವಿದ್ದೂ ಹೊಸಬರ ಸಂಬಳದಿಂದ ಶುರು ಮಾಡಿದವಳು ನಾನು. ಬೇಕಾದದ್ದರ ಬದಲು ಸಿಕ್ಕಿದ್ದನ್ನು ಒಪ್ಪಿ ಥ್ಯಾಂಕ್ಸ್ ಹೇಳುವುದು ರೂಢಿಯಾಗಿತ್ತು. ಅಗ್ಗದ್ದರ ನಂಬರನ್ನೇ ಅರ್ಜಿಯಲ್ಲಿ ಬರೆದೆ.

ನಮ್ಮದು ಬಾಡಿಗೆ ಮನೆ. ಗೋಡೆಗೆ ತೂತು ಕೊರೆಯಲು ಮನೆಯೊಡತಿ ನೋರಾಳನ್ನು ಕೇಳಬೇಕಿತ್ತು. ಆಕೆ ನಮ್ಮದೇ ಚರ್ಚಿನವಳು, ಶರತ್ಕಾಲದಲ್ಲಿ ಸೇಬಿನ ಟಾರ್ಟ್ ತಂದುಕೊಡುವವಳು. ವಿಷಯ ಬಿಡಿಸಿ ಹೇಳಿದೆ. ಒಂದು ಕ್ಷಣ ಅವಳ ಮುಖದ ನಗು ನಿಂತುಹೋಯಿತು. ಮತ್ತೆ ನಕ್ಕು, "ನನ್ನ ಅಣ್ಣನ ಮನೆಯಲ್ಲಿ ಮೂರು ಶಾಟ್‌ಗನ್ ಇವೆ. ಬಿಟ್ಟು ಹೋಗುವಾಗ ತೂತು ಮುಚ್ಚಿಸಿದರೆ ಆಯ್ತು" ಅಂದಳು.

ಪೆಟ್ಟಿಗೆ ನೋಡಲು ಗಾರ್ಡಾ ಬಂದ. ಹಳದಿ ಪಟ್ಟಿಯ ಪೊಲೀಸ್ ಕಾರು ನಮ್ಮ ಗೇಟಿನೆದುರು ಅರ್ಧ ಗಂಟೆ ನಿಂತಿತ್ತು. ಆತ ಬೋಲ್ಟ್ ಎಳೆದು ನೋಡಿ ಕೇಳಿದ, "ಕಳ್ಳ ನುಗ್ಗಿದರೆ ಏನು ಮಾಡುತ್ತೀಯ?"

"ನಿಮಗೆ ಫೋನ್ ಮಾಡುತ್ತೇನೆ" ಅಂದೆ.

ತಲೆದೂಗಿ ಬರೆದುಕೊಂಡ. ಅಕ್ಕಪಕ್ಕದ ಮನೆಗಳ ಕಿಟಕಿ ಪರದೆಗಳು ಅಲುಗಾಡುತ್ತಿದ್ದುದನ್ನು ಅವನನ್ನು ಬೀಳ್ಕೊಡುವಾಗ ಕಂಡೆ.

ಮೂರು ತಿಂಗಳಿಗೆ ಲೈಸೆನ್ಸ್ ಬಂತು. ಪಿಸ್ತೂಲು ಮೊದಲ ದಿನವೇ ಕೈಕೊಟ್ಟಿತು. ಹತ್ತು ಗುಂಡಿಗೊಮ್ಮೆ ಖಾಲಿ ತೋಟೆ ಹೊರಗೆ ಹಾರದೆ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಪಕ್ಕದವರ ಇಟಲಿ ಪಿಸ್ತೂಲುಗಳು ಟಪಟಪನೆ ಮುಗಿಸುವಾಗ ನಾನು ಕೈಯೆತ್ತಿ ನಿಲ್ಲಬೇಕು. ಡೆರ್ಮಟ್ ಬೈಯಲಿಲ್ಲ. ಬೇರೆ ಬೇರೆ ಕಂಪನಿಯ ತೋಟೆ ತಂದು ಪರೀಕ್ಷಿಸಿದ, ಸ್ಪ್ರಿಂಗ್ ಬದಲಿಸಿದ. ಕೊನೆಗೆ ಒಂದು ಜಾತಿಯ ತೋಟೆ ಅದಕ್ಕೆ ಒಗ್ಗಿತು. ನಾನು ಮನೆಯಲ್ಲಿ ಗೋಡೆಯ ಮೇಲಿನ ಚುಕ್ಕೆಗೆ ಖಾಲಿ ಪಿಸ್ತೂಲು ಹಿಡಿದು ದಿನಾ ಇಪ್ಪತ್ತು ನಿಮಿಷ ನಿಂತೆ. ಟ್ರಿಗರ್ ಎಲ್ಲಿ ಬಿಗಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಬೆರಳಿಗೆ ಬಾಯಿಪಾಠವಾಯಿತು. ನವೆಂಬರಿನ ಕ್ಲಬ್ ಪಂದ್ಯದಲ್ಲಿ ನಾನೇ ಮೊದಲು ಬಂದೆ. ಆ ಸಂಜೆ ಕಾರಿನಲ್ಲಿ ಒಬ್ಬಳೇ ಕೂತು ಅತ್ತೆ. ಸಂತೋಷಕ್ಕೆ ಅಳುವ ಅಭ್ಯಾಸ ತಪ್ಪಿಹೋಗಿತ್ತು.

ನನ್ನ ಮಗಳು ಆನ್ನಾಗೆ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ. "ನಮ್ಮ ಮ್ಯಾಮ್ ಪಿಸ್ತೂಲಲ್ಲಿ ಫಸ್ಟ್!" ಎಂದು ಶಾಲೆಯಲ್ಲೆಲ್ಲ ಹೇಳಿದಳು. ಮ್ಯಾಮ್ ಎಂದರೆ ಇಲ್ಲಿ ಅಮ್ಮ. ಡಿಸೆಂಬರಿನಲ್ಲಿ ಅವಳ ಹುಟ್ಟುಹಬ್ಬಕ್ಕೆ ಹನ್ನೊಂದು ಮಕ್ಕಳನ್ನು ಕರೆದೆವು. ಇಬ್ಬರು ಬಂದರು. ಪಕ್ಕದ ಮನೆಯ ಫಿಯೋನಾಳ ಮಗಳು ಆನ್ನಾಳ ಜೀವದ ಗೆಳತಿ, ಅವಳೂ ಬರಲಿಲ್ಲ. ಮರುದಿನ ಗೇಟಿನಲ್ಲಿ ಫಿಯೋನಾ ಸಿಕ್ಕಳು.

"ಬೇಜಾರು ಮಾಡ್ಕೋಬೇಡ ಸೆಲಿನ್. ಗನ್ ಇರೋ ಮನೆ ಅಂದರೆ ಸ್ವಲ್ಪ... ನಿನಗೆ ಗೊತ್ತಲ್ಲ."

ನನಗೆ ಗೊತ್ತಿತ್ತು. ಅವಳ ಗಂಡ ಚಳಿಗಾಲದ ಭಾನುವಾರಗಳಲ್ಲಿ ಶಾಟ್‌ಗನ್ ಹಿಡಿದು ಕಾಡುಕೋಳಿ ಬೇಟೆಗೆ ಹೋಗುತ್ತಾನೆ. ಹಿಂದಿನ ಕ್ರಿಸ್ಮಸ್ಸಿಗೆ ಹೊಡೆದ ಎರಡು ಹಕ್ಕಿಗಳನ್ನು ನಮ್ಮ ಬಾಗಿಲಿಗೆ ನೇತುಹಾಕಿ ಹೋಗಿದ್ದ. ಅದು ಉಡುಗೊರೆ. ಗೋಡೆಗೆ ಬೋಲ್ಟ್ ಹಾಕಿದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ನನ್ನ ಪಿಸ್ತೂಲು ಮಾತ್ರ ಗನ್.

ನಮ್ಮವರಾದರೂ ಅರ್ಥ ಮಾಡಿಕೊಂಡಾರು ಅಂದುಕೊಂಡೆ. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿ ಕನ್ನಡದವರ ಒಂದು ಕೂಟವಿತ್ತು. ಬೀದಿಯಲ್ಲಿ ಭಾರತೀಯರ ಮೇಲೆ ಕೈ ಮಾಡಿದ ಸುದ್ದಿಗಳು ಆಗ ಎಲ್ಲರ ಬಾಯಲ್ಲಿದ್ದವು. ಬಿಸಿಬೇಳೆಬಾತಿನ ತಟ್ಟೆ ಹಿಡಿದು ಒಬ್ಬ ಡಾಕ್ಟರು ಹತ್ತಿರ ಬಂದರು.

"ಒಳ್ಳೇ ಕೆಲ್ಸ ಮಾಡಿದ್ರಿ ಮೇಡಂ. ಹೇಗೆ ತಗೊಳ್ಳೋದು ಅಂತ ನಮಗೂ ಹೇಳಿ. ಟೈಮ್ ಸರಿ ಇಲ್ಲ, ಮನೇಲಿ ಒಂದು ಇರಲಿ."

"ಡಾಕ್ಟ್ರೇ, ಅದು ಕಾಗದಕ್ಕೆ ಹೊಡೆಯೋಕೆ. ಆಟ ಅಷ್ಟೇ."

"ಹಾಗೇ ಹೇಳ್ಬೇಕು, ಹಾಗೇ ಹೇಳ್ಬೇಕು" ಎಂದು ಕಣ್ಣು ಮಿಟುಕಿಸಿದರು. ಆ ವಾರವೇ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೆಂಗಸು ಹೆಸರೆತ್ತದೆ ಬರೆದಳು: ಕೆಲವರ ಶೋಕಿಯಿಂದ ನಮಗೆಲ್ಲ ಕೆಟ್ಟ ಹೆಸರು. ಕೆಳಗೆ ಹದಿನಾಲ್ಕು ಹೆಬ್ಬೆರಳುಗಳು. ಇಲ್ಲಿಯವರಿಗೆ ನಾನು ಭಯ ಹುಟ್ಟಿಸುವವಳು, ನಮ್ಮವರಿಗೆ ಭಯಬಿದ್ದವಳು. ಗುರಿ ಹಿಡಿದು ಉಸಿರು ಬಿಗಿಹಿಡಿದಾಗ ಸಿಗುವ ಮೌನಕ್ಕಾಗಿ ಒಬ್ಬ ಹೆಣ್ಣು ಅದನ್ನು ಹಿಡಿದಾಳು ಎಂಬುದು ಯಾರಿಗೂ ಹೊಳೆಯಲಿಲ್ಲ.

ಜನವರಿಯಲ್ಲಿ ನೋರಾ ಒಂದು ಲಕೋಟೆ ತಂದಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಮಗ ಆಸ್ಟ್ರೇಲಿಯಾದಿಂದ ಸಂಸಾರ ಸಮೇತ ವಾಪಸ್ ಬರುತ್ತಾನೆ, ಅವನಿಗೆ ಮನೆ ಬೇಕು, ನೀವು ಬಿಡಬೇಕು ಎಂದು ಅದರಲ್ಲಿತ್ತು.

"ಪಿಸ್ತೂಲಿನ ವಿಷಯಕ್ಕಾ, ನೋರಾ?"

"ಅಯ್ಯೋ, ಇಲ್ಲವೇ ಇಲ್ಲ! ನಿಮ್ಮಂಥ ಒಳ್ಳೆಯವರು ನನಗೆ ಮತ್ತೆ ಸಿಗೋದಿಲ್ಲ."

ಮರು ಭಾನುವಾರ ಚರ್ಚಿನ ಪೂಜೆಯಲ್ಲಿ ಆಕೆ ನಮ್ಮ ಮುಂದಿನ ಬೆಂಚಿನಲ್ಲಿದ್ದಳು. ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ತಿರುಗಿ ಕೈ ಚಾಚಿದಳು. ನಾನೂ ಕೊಟ್ಟೆ. ಆ ಕೈ ಬೆಚ್ಚಗಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಮನೆಯಲ್ಲಿ ರೋಶನ್ ಸಿಡಿದ. "ಬೇಕಿತ್ತಾ ಈ ಶೋಕಿ? ಈಗ ಮಗು ಕಟ್ಕೊಂಡು ಎಲ್ಲಿ ಹೋಗೋದು?"

"ಒಂಬತ್ತು ವರ್ಷದಲ್ಲಿ ನನಗೆ ಅಂತ ಕೇಳಿದ್ದು ಇದೊಂದೇ."

"ಬೇರೆ ಏನಾದ್ರೂ ಕೇಳ್ಬಹುದಿತ್ತಲ್ಲ. ಒಂದು ಪಿಯಾನೋ ಕೇಳು, ಕೊಡಿಸ್ತಿದ್ದೆ."

"ಅದ್ರಲ್ಲೂ ಅಗ್ಗದ್ದೇ ಕೊಡಿಸ್ತಿದ್ದೆ."

ಅವನ ಮುಖ ಬಾಡಿತು. ಆ ಮಾತು ಅನ್ಯಾಯದ್ದು. ಅಂಗಡಿಯಲ್ಲಿ ತಲೆಯಾಡಿಸಿದವಳು ನಾನೇ. ಆದರೂ ಸಾಮಾನು ಕಟ್ಟುವ ದಿನಗಳಲ್ಲೆಲ್ಲ ಒಂದೇ ಯೋಚನೆ ಕೊರೆಯುತ್ತಿತ್ತು: ಹೊರಗೆ ಹಾಕಿಸಿಕೊಳ್ಳುವುದೇ ಹಣೆಯಲ್ಲಿದ್ದರೆ, ಬೇಕಾದದ್ದನ್ನೇ ಹಿಡಿದು ಹೊರಬೀಳಬಹುದಿತ್ತು.

ಕಾರ್ಕ್ ನಗರದಲ್ಲಿ ಇಬ್ಬರಿಗೂ ಕೆಲಸ ಹುಡುಕಿಕೊಂಡೆವು. ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಮಳೆಯಲ್ಲಿ ನಲವತ್ತು ಜನರ ಸಾಲು. ಕಡೆಗೆ ಸಿಕ್ಕಿದ್ದು ಎರಡು ಕೋಣೆಯ ಫ್ಲಾಟ್. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ ಎಂದು ಏಜೆಂಟ್ ಮೊದಲೇ ಹೇಳಿದ. ಪೆಟ್ಟಿಗೆ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಅದನ್ನು ಮಾರಿದೆ. ಅಗ್ಗಕ್ಕೆ ಕೊಂಡದ್ದು ಮಾರುವಾಗ ಇನ್ನೂ ಅಗ್ಗ. ಕೊನೆಯ ಭಾನುವಾರ ಡೆರ್ಮಟ್ ತನ್ನ ಪಿಸ್ತೂಲನ್ನು ನನ್ನ ಮುಂದಿಟ್ಟು, "ಐದು ಹೊಡಿ" ಅಂದ. ಬೇಡ ಅಂದೆ. ಇಬ್ಬರೂ ಕಲ್ಲುಕೋರೆಯ ಶೆಡ್ಡಿನಲ್ಲಿ ಕೂತು ಚಹಾ ಕುಡಿದೆವು.

ಬೇಸಿಗೆಯಲ್ಲಿ ಅವನ ಮೆಸೇಜ್ ಬಂತು. ನೋರಾಳ ಮಗ ಬಂದಿಲ್ಲವಂತೆ. ಮನೆಯಲ್ಲಿ ಬೇರೆ ಯಾರೋ ಒಂದು ಜೋಡಿ ಇದೆಯಂತೆ, ದೊಡ್ಡ ನಾಯಿಯ ಸಮೇತ. ಮಗ ನಿಜವಾಗಿ ಬರಬೇಕೆಂದಿದ್ದು ಮನಸ್ಸು ಬದಲಿಸಿರಲೂಬಹುದು. ನಮ್ಮನ್ನು ಬಿಡಿಸಿದ್ದು ಪಿಸ್ತೂಲೋ ಮೈಬಣ್ಣವೋ ಏರುತ್ತಿದ್ದ ಬಾಡಿಗೆಯೋ, ನನಗೆ ಇಂದಿಗೂ ತಿಳಿಯದು. ಸುಳ್ಳು ಕಾರಣ ಹೇಳಿ ಬಿಡಿಸಿದರೆಂದು ಬಾಡಿಗೆ ಮಂಡಳಿಗೆ ದೂರು ಕೊಟ್ಟು ಮನೆ ವಾಪಸ್ ಕೇಳಬಹುದಿತ್ತು. ಕೊಡಲಿಲ್ಲ. ಮತ್ತೆ ಗೆದ್ದು ಆ ಮನೆಗೆ ಹೋಗಿ ಯಾರ ಮುಖ ನೋಡಲಿ?

ನವೆಂಬರಿನಲ್ಲಿ ತಂಗಿಯ ಮದುವೆಗೆಂದು ಊರಿಗೆ ಬಂದಾಗ ಮಂಗಳೂರಿನ ಹಳೆಯ ರೇಂಜಿಗೆ ಹೋದೆ. ಕೈ ತುರಿಸುತ್ತಿತ್ತು. ಬಾಗಿಲಲ್ಲಿ ಹೊಸ ಗುಮಾಸ್ತರು ಗುರುತಿನ ಚೀಟಿ ಕೇಳಿದರು. ಎರಡು ವರ್ಷದ ಹಿಂದೆ ತೆಗೆದುಕೊಂಡ ಐರಿಶ್ ಪಾಸ್‌ಪೋರ್ಟನ್ನು ಚಾಚಿದೆ. ಅವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಫಾರಿನರ್ಸ್‌ಗೆ ಮೇಲಿಂದ ಪರ್ಮಿಷನ್ ಬೇಕು ಮೇಡಂ. ಹೊಡಿಯೋಕೆ ಆಗಲ್ಲ. ಹಿಂದೆ ಕೂತು ನೋಡಿ ಬೇಕಾದ್ರೆ."

"ನಾನು ಇಲ್ಲೇ ಕಲಿತವಳು."

"ಇರಬಹುದು. ರೂಲ್ಸ್ ಹಾಗಿದೆ" ಎಂದು ಸಂಕೋಚದಿಂದಲೇ ಹೇಳಿ, ನೋಡಲು ಬರುವವರ ಪುಸ್ತಕ ತೆರೆದು ನನ್ನ ಹೆಸರು ಬರೆದರು. ಪೆನ್ನು ಮುಂದಿನ ಅಂಕಣದಲ್ಲಿ ನಿಂತಿತು. "ಯಾವೂರು ಅಂತ ಬರೀಲಿ?"

"ವಾಟರ್‌ಫರ್ಡ್" ಅಂದೆ.

ಹೇಗೆ ಬರೆಯೋದು ಎಂದು ಅವರು ಕೇಳಿದರು. ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾ ಹೋದೆ. ಆ ಊರು ನಮ್ಮನ್ನು ಬಿಡಿಸಿ ಆಗಲೇ ಎಂಟು ತಿಂಗಳಾಗಿತ್ತು.