ಮೂರನೆಯ ದಬ್ಬಣ

ನಮ್ಮ ಭಾವ ಹಾಸಿಗೆ ಮಾಡುವವರು. ಕೆಳಗೆ ಅಂಗಡಿ, ಮೇಲೆ ಮನೆ. ಹತ್ತಿ ಹಿಂಜಿದ ದಿನ ನವಿರಾದ ಎಳೆಗಳು ಮೆಟ್ಟಿಲ ತುಂಬ ತೇಲುತ್ತಿದ್ದವು. ಕಿಟಕಿಯ ಬಿಸಿಲಿಗೆ ಬಂದರಂತೂ ಏರಲೂ ಒಲ್ಲದೆ ಇಳಿಯಲೂ ಒಲ್ಲದೆ ಅಲ್ಲೇ ನಿಂತುಬಿಡುತ್ತಿದ್ದವು. ಅಲ್ಲಿ ಕೂತರೆ ಯಾರಿಗಾದರೂ ತೂಕಡಿಕೆ ಬರಬೇಕು. ಭಾವನಿಗೆ ಮಾತ್ರ ಬರುತ್ತಿರಲಿಲ್ಲ. ಊರಿಗೆಲ್ಲ ನಿದ್ದೆ ಹಂಚಿ ತಾವು ಸೂರು ನೋಡುತ್ತಾ ಮಲಗುತ್ತೀರಿ ಎಂದು ನಾನು ಚುಡಾಯಿಸುತ್ತಿದ್ದೆ. ಆಗ ಅದು ತಮಾಷೆಯಾಗಿತ್ತು.

ಮಗಳು ಎಳೆಗೂಸನ್ನು ಎತ್ತಿಕೊಂಡು ಬರುತ್ತಾಳೆಂದು ತಿಳಿದು, ಭಾವ ತಾಯಿಗೂ ಕೂಸಿಗೂ ಸೇರಿ ಒಂದು ಅಗಲವಾದ ಹಾಸಿಗೆ ಹೊಲಿದರು. ಮುಗಿಸಿ ಕೈಯಾಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಬಿಳಿಚಿಕೊಂಡರು. ಹೊಲಿಯುವ ದಬ್ಬಣ ಒಳಗೇ ಉಳಿದಿದ್ದರೆ?

ಅಂಗಡಿಯಲ್ಲಿದ್ದುದು ಎರಡೇ ದಬ್ಬಣ. ಅಕ್ಕ ಕೈ ಹಿಡಿದು ಎಳೆದೊಯ್ದು ಗೋಡೆ ತೋರಿಸಿದಳು.

"ಎರಡೂ ಇಲ್ಲೇ ನೇತಾಡ್ತಿವೆ. ಕಣ್ಣು ಕಾಣಲ್ವಾ?"

"ಕಾಣುತ್ತೆ ಕಣೇ. ಆದ್ರೆ ಮೂರನೇದೊಂದು ಇತ್ತೇನೋ."

ಆ ಮೂರನೆಯದನ್ನು ನಾವು ಯಾರೂ ಕಂಡವರಲ್ಲ, ಭಾವನೂ ಕಂಡವರಲ್ಲ. ಆದರೆ ಯೋಚಿಸಿದಂತೆಲ್ಲ ಅದಕ್ಕೊಂದು ಉದ್ದ ಬಂತು, ಮೊನೆ ಬಂತು, ಕಣ್ಣಿನ ಬಳಿ ಒಂದಿಷ್ಟು ತುಕ್ಕೂ ಬಂತು. ಭಾವ ಹಾಸಿಗೆ ಬಿಚ್ಚಿದರು. ಹತ್ತಿಯನ್ನೆಲ್ಲ ಹರವಿ, ಮೋಡದ ನಡುವೆ ಕೂತವರ ಹಾಗೆ ಬೆರಳಾಡಿಸಿ ಹುಡುಕಿದರು. ಏನೂ ಸಿಗಲಿಲ್ಲ. ಮತ್ತೆ ಹೊಲಿಯಲು ಮತ್ತೆ ದಬ್ಬಣವೇ ಬೇಕಲ್ಲ! ಹೊಲಿದರು, ಅನುಮಾನ ಬಂತು, ಬಿಚ್ಚಿದರು.

ಊಟ ಸೇರದಾಯಿತು. ಮೈಮೇಲಿನ ಅಂಗಿ ಬೇರೆ ಯಾರದೋ ಅನ್ನಿಸುವಷ್ಟು ಇಳಿದುಹೋದರು. "ತಲೇಲಿ ಹುಳ ಬಿಟ್ಕೊಂಡು ಕೂತಿದ್ದೀರಲ್ಲ ಭಾವ!" ಎಂದು ಒಂದು ದಿನ ರೇಗಿಯೇಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಮನುಷ್ಯ ನಮ್ಮ ಕೈತಪ್ಪಿ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಮತ್ತೊಮ್ಮೆ ಹೊಲಿದು ಮುಗಿಸುವ ಹೊತ್ತಿಗೆ ಮಗಳು ಬಂದಳು. ಭಾವ ಹಾಸಿಗೆಗೆ ಅಡ್ಡ ನಿಂತು, ಕೂಸನ್ನು ಮಲಗಿಸಬೇಡ ಎಂದು ಗೋಗರೆದರು. ಅವಳು ಹಾಸಿಗೆ ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ವಾದಕ್ಕೆ ಇಳಿಯಲಿಲ್ಲ.

"ಸರಿ ಅಪ್ಪ. ಮೊದ್ಲು ನೀನೇ ಹೊರಳಾಡಿ ನೋಡು. ಇದ್ರೆ ನಿಂಗೇ ಚುಚ್ಚುತ್ತೆ."

ಭಾವ ಮಲಗಿದರು. ಮೊಣಕೈ ಊರಿ ನೋಡಿದರು, ಕೆನ್ನೆ ಒತ್ತಿ ನೋಡಿದರು, ಈ ಮೂಲೆಯಿಂದ ಆ ಮೂಲೆಗೆ ಉರುಳಿದರು. ಮಧ್ಯಾಹ್ನದ ಬಿಸಿಲು ಅವರ ಬೆನ್ನ ಮೇಲೆ ಹಾಯಾಗಿ ಬಿದ್ದಿತ್ತು. ಉರುಳುವುದು ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಸಣ್ಣಗೆ ಗೊರಕೆ ಕೇಳಿಸಿತು. ಅಕ್ಕ ಬಾಯಿಗೆ ಕೈ ಹಿಡಿದಳು. ನಮ್ಮಲ್ಲಿ ಯಾರೂ ನಗಲಿಲ್ಲ.

ಸಂಜೆ ಅವರಿಗೆ ಎಚ್ಚರವಾದಾಗ ಪಕ್ಕದಲ್ಲಿ ಏನೋ ಬೆಚ್ಚಗಿತ್ತು. ಕೂಸು ಅವರ ತೋಳಿಗೆ ಮೂಗು ಒತ್ತಿ ಮಲಗಿತ್ತು. ಭಾವ ಅಲುಗಾಡದೆ, ಪಿಸುದನಿಯಲ್ಲಿ ಕೇಳಿದರು.

"ಯಾವಾಗ ಮಲಗಿಸಿದೆ?"

"ಆಗ್ಲೇ. ನೀನು ನಿದ್ದೇಲಿದ್ದೆ. ಯಾರೂ ಕಾಯ್ತಾ ಕೂತಿರ್ಲಿಲ್ಲ ಅಪ್ಪ. ಆದ್ರೂ ಏನೂ ಆಗ್ಲಿಲ್ಲ ನೋಡು."

ಭಾವ ಬಹಳ ಹೊತ್ತು ಸೂರನ್ನೇ ನೋಡಿದರು. ಆಮೇಲೆ, ಕೂಸಿಗೆ ಎಚ್ಚರವಾಗದ ಹಾಗೆ, ಹೊದಿಕೆಯ ಅಂಚನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.