ಬ್ಯಾರನ್ನಿನಲ್ಲಿ ಬಚ್ಚಿಟ್ಟ ಸೀರೆ

ಹೋಂ ಥಿಯೇಟರ್ ಹಾಕುವ ಮುಂಚೆ ಕೋಣೆಯ ಸದ್ದು ಅಳೆಯಲು ಹುಣಸೂರಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರ ಮನೆಗೆ ಹೋಗಿದ್ದೆ. ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಗೋಡೆಯೂ ತಿರುಗಿ ತಟ್ಟಿದವು.

"ಕೋಣೆ ಖಾಲಿ ಇದೆಯಲ್ಲ, ಅದಕ್ಕೇ ಇಷ್ಟು ಮೊಳಗುತ್ತೆ. ಗೋಡೆಗೆ ಬಟ್ಟೆ ಬೇಕು" ಅಂದೆ.

"ನಮ್ಮನೆಯವ್ಳು ಇದ್ದಾಗ ಇಂಗಿರ್ಲಿಲ್ಲ ಕಣ್ರೀ. ತಿಥಿ ಆದ್ಮೇಲೆ ಅವಳ ಮಂಚ, ಹಾಸಿಗೆ, ಬಟ್ಟೆ ಎಲ್ಲಾನೂ ನೆಂಟ್ರು ಸಾಗಾಕ್ಬುಟ್ರು."

ಎದ್ದು ಹೋಗಿ ಒಂದು ನೂಲಿನ ಸೀರೆ ತಂದರು. ಹೊಗೆಸೊಪ್ಪಿನ ಘಾಟು ಹೊಡೆಯುತ್ತಿತ್ತು. "ಇದೊಂದ ಸೊಪ್ಪು ಒಣಗಿಸೋ ಬ್ಯಾರನ್ನಲ್ಲಿ ಬಚ್ಚಿಟ್ಟಿದ್ದೆ."

ಗೋಡೆಗೆ ಇಳಿಬಿಟ್ಟು ಮತ್ತೆ ಅಳೆದೆ. ತೆಳು ಸೀರೆ, ಕೈಲಿದ್ದ ಸದ್ದಳೆಯುವ ಮೀಟರಿನ ಅಂಕಿ ಅಲ್ಲಾಡಲಿಲ್ಲ.

"ಕಮ್ಮಿ ಆಯ್ತಾ?"

"ಆಯ್ತು ಯಜಮಾನ್ರೇ" ಅಂದೆ.

ಕಿವಿ ನಂಬಬೇಡಿ, ಮೀಟರ್ ನಂಬಿ ಅಂತ ಊರಿಗೆಲ್ಲ ಉಪದೇಶ ಮಾಡುವವನು ನಾನು. ಅವತ್ತು ಅದರ ಮುಖ ಅವರಿಗೆ ಕಾಣದ ಹಾಗೆ ಎದೆಗೊತ್ತಿ ಹಿಡಿದುಕೊಂಡಿದ್ದೆ.